ಬಾಡಿಗೆ ಯಾಚ್ ನೋಡಿಕೊಳ್ಳಲು ಪಂಪ್‌ಸೆಟ್ ಅನುಭವ ಸಾಕಾ?

ಪ್ರಶ್ನೆ: ನಾವು ದಾವಣಗೆರೆಯವರು. ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ತೋಟ ಇದೆ. ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ದೋಣಿ ನಡೆಸುವ ಲೈಸೆನ್ಸು, ರೇಡಿಯೋ ಸರ್ಟಿಫಿಕೇಟು ಎರಡೂ ಮಾಡಿಸಿಕೊಂಡಿದ್ದಾನೆ. ಬರುವ ಜೂನ್‌ನಲ್ಲಿ ಕ್ರೊಯೇಷಿಯಾದ ಸ್ಪ್ಲಿಟ್ ಊರಿನಿಂದ 42 ಅಡಿಯ ಮೋಟಾರ್ ಯಾಚ್ ಒಂದನ್ನು ಒಂದು ವಾರಕ್ಕೆ ಬಾಡಿಗೆಗೆ ಹಿಡಿದಿದ್ದೇವೆ. ಕ್ಯಾಪ್ಟನ್ ಇಲ್ಲ, ನಾವೇ ಆರು ಜನ. ಚುಕ್ಕಾಣಿ ಮಗನದು. "ಎಂಜಿನ್, ಕರೆಂಟು, ನೀರು ನೀನು ನೋಡ್ಕೋ ಅಪ್ಪ" ಎಂದಿದ್ದಾನೆ. 30 ವರ್ಷದಿಂದ ಡೀಸೆಲ್ ಪಂಪ್‌ಸೆಟ್, ಬೋರು, ಜನರೇಟರ್ ನೋಡಿಕೊಂಡಿದ್ದೇನೆ. ಆದರೆ ಸಮುದ್ರ ನೋಡಿದ್ದು ಗೋಕರ್ಣದಲ್ಲಿ ಮಾತ್ರ. ನನ್ನ ಅನುಭವ ಸಾಕಾ? ಏನೇನು ಕಲಿಯಬೇಕು? ಮನೆಯವರು ದೋಣಿಯಲ್ಲೇ ದೋಸೆ ಹಾಕ್ತೀನಿ ಅಂತಾರೆ. ಗ್ಯಾಸ್ ಒಲೆ ಹಚ್ಚಬಹುದಾ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿ ಆಯ್ತು. ನಾನು ಚಿತ್ರದುರ್ಗದವನು. ಓದಿದ್ದು ಮೆಕ್ಯಾನಿಕಲ್, ದುಡಿದಿದ್ದು ಪೂರಾ ದೋಣಿ ಎಂಜಿನ್‌ಗಳ ಜತೆ. ಬಯಲುಸೀಮೆಯವರು ಇಂಥ ಪ್ರಶ್ನೆ ಕೇಳೋದು ಅಪರೂಪ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಮುಖ್ಯ ಪ್ರಶ್ನೆ. ನಿಮ್ಮ ಅನುಭವದಲ್ಲಿ ಮುಕ್ಕಾಲು ಭಾಗ ಅಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಹಳೇ ಡೀಸೆಲ್ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಪಂಪಿನಿಂದ ಹೋಗುವ ನೀರಲ್ಲಿ ಸ್ವಲ್ಪವನ್ನು ಸಣ್ಣ ಪೈಪಿನಲ್ಲಿ ಎಂಜಿನ್ ಜಾಕೆಟ್‌ಗೆ ತಿರುಗಿಸಿರುತ್ತಿದ್ದರು. ಅದು ಎಂಜಿನ್ ತಣ್ಣಗೆ ಮಾಡಿ ಇನ್ನೊಂದು ಕಡೆ ಬಿಸಿಯಾಗಿ ಬೀಳುತ್ತಿತ್ತು. ಎಂಜಿನ್ ಶುರು ಮಾಡಿದ ತಕ್ಷಣ ಆ ನೀರಿಗೆ ಕೈಯೊಡ್ಡಿ ನೋಡುತ್ತಿದ್ದಿರಿ, ಅಲ್ವಾ? ನೀರು ಬರ್ತಿದೆಯಾ, ಎಷ್ಟು ಬಿಸಿ ಇದೆ ಅಂತ. ಯಾಚ್‌ನಲ್ಲೂ ಅದೇ ಕೆಲಸ. ಒಳಗೆ ಹೋದ ಸಮುದ್ರದ ನೀರು ಹೊರಗೆ ಬರ್ತಿದೆಯಾ ಅಂತ ನೋಡುವುದು. ವಾರ ಪೂರ್ತಿ ನೀವು ಇದೊಂದನ್ನು ಬಿಡದೆ ಮಾಡಿದರೆ ಅರ್ಧ ತೊಂದರೆ ಹತ್ತಿರ ಬರಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಚ್ ಎಂಜಿನ್‌ನಲ್ಲಿ ಎರಡು ನೀರು. ಒಳಗಿನದು ಕೂಲಂಟ್, ಕಾರಿನಲ್ಲಿ ಇರುವ ಹಾಗೆ ಸುತ್ತುತ್ತಾ ಇರುತ್ತದೆ. ಕಾರಿನಲ್ಲಿ ಅದನ್ನು ರೇಡಿಯೇಟರ್ ಗಾಳಿ ತಣ್ಣಗೆ ಮಾಡುತ್ತದೆ. ದೋಣಿಯಲ್ಲಿ ಗಾಳಿಯ ಜಾಗದಲ್ಲಿ ಸಮುದ್ರದ ನೀರು. ದೋಣಿಯ ತಳದಲ್ಲಿ ಒಂದು ತೂತು. ಅದಕ್ಕೆ ಸೀಕಾಕ್ ಎಂಬ ವಾಲ್ವ್. ಅಲ್ಲಿಂದ ನೀರು ಸ್ಟ್ರೇನರ್‌ಗೆ ಬರುತ್ತದೆ. ನಿಮ್ಮ ಅಡಿಕೆ ತೋಟದ ಡ್ರಿಪ್ ಫಿಲ್ಟರ್ ಇದೆಯಲ್ಲ, ಅದೇ ಕೆಲಸ, ಅದೇ ಜಾಲರಿ. ಅಲ್ಲಿ ಪಾಚಿ ಮರಳು ಸಿಗುತ್ತದೆ, ಇಲ್ಲಿ ಸಮುದ್ರದ ಹುಲ್ಲು, ಪ್ಲಾಸ್ಟಿಕ್ ಚೂರು. ಆಮೇಲೆ ರಬ್ಬರ್ ರೆಕ್ಕೆಗಳ ಇಂಪೆಲ್ಲರ್ ಪಂಪ್, ಆಮೇಲೆ ಹೀಟ್ ಎಕ್ಸ್‌ಚೇಂಜರ್ (ಸಮುದ್ರದ ನೀರು ಕೂಲಂಟನ್ನು ತಣ್ಣಗೆ ಮಾಡೋದು ಇಲ್ಲೇ), ಕೊನೆಗೆ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಜತೆ ಸೇರಿ ಹಿಂದೆ ಹೊರಗೆ.

ಇಂಪೆಲ್ಲರ್ ರಬ್ಬರಿನದು. ನೀರೇ ಅದಕ್ಕೆ ಎಣ್ಣೆ. ನೀರಿಲ್ಲದೆ ತಿರುಗಿದರೆ ಒಂದೆರಡು ನಿಮಿಷದಲ್ಲೇ ಸುಟ್ಟು ಹರಿದು ಹೋಗಬಹುದು. ಬೋರಿನ ಮೋಟಾರ್ ಡ್ರೈ ರನ್ ಆದ ಹಾಗೆ. ಹರಿದ ಚೂರುಗಳು ಮುಂದೆ ಹೋಗಿ ಹೀಟ್ ಎಕ್ಸ್‌ಚೇಂಜರ್ ಕಟ್ಟುತ್ತವೆ. ಹಾಗಾಗಿ ಹೊಸದು ಹಾಕಿದರೆ ಸಾಲದು, ಹಳೆಯದರ ಎಲ್ಲ ರೆಕ್ಕೆ ಚೂರೂ ಲೆಕ್ಕಕ್ಕೆ ಸಿಗಬೇಕು.

ಎಂಜಿನ್ ಶುರುವಾದ ಕೂಡಲೇ ಹಿಂದಕ್ಕೆ ಹೋಗಿ ಬಗ್ಗಿ ನೋಡಿ. ಎರಡು ಎಂಜಿನ್ ಇದ್ದರೆ ಎರಡು ಕಡೆಯಿಂದಲೂ ನೀರು ಚಿಮ್ಮಿ ಚಿಮ್ಮಿ ಬೀಳುತ್ತಿರಬೇಕು. ಕಣ್ಣಿಗಿಂತ ಕಿವಿ ಇನ್ನೂ ಬೇಗ ಹೇಳುತ್ತದೆ. ನೀರಿದ್ದರೆ ಗಳಗಳ ಎಂಬ ತೇವದ ಸದ್ದು. ನೀರು ನಿಂತರೆ ಅದು ಒಣಗಿ, ಖಾಲಿ ಡಬ್ಬ ಬಡಿದ ಹಾಗೆ ಜೋರಾಗುತ್ತದೆ. ಕೆಲವು ಮಾದರಿಯ ದೋಣಿಗಳಲ್ಲಿ ಹೊಗೆ ಮತ್ತು ನೀರು ಪ್ರೊಪೆಲ್ಲರ್ ಹತ್ತಿರ ನೀರೊಳಗೇ ಹೋಗುತ್ತದೆ, ಮೇಲೆ ಏನೂ ಕಾಣಲ್ಲ. ನಿಮ್ಮ ದೋಣಿ ಯಾವ ಥರದ್ದು ಎಂದು ದೋಣಿ ಒಪ್ಪಿಸುವವರನ್ನು ಮೊದಲೇ ಕೇಳಿ. ಅಂಥದ್ದಾದರೆ ಟೆಂಪರೇಚರ್ ಮುಳ್ಳೇ ಗತಿ. ಸಾಮಾನ್ಯವಾಗಿ ಅದು 80ರಿಂದ 90 ಡಿಗ್ರಿ ಒಳಗೆ ನಿಲ್ಲುತ್ತದೆ. ಮೊದಲ ದಿನ ಎಲ್ಲಿ ನಿಂತಿತು ಎಂದು ಬರೆದಿಟ್ಟುಕೊಳ್ಳಿ. ಅದರಿಂದ 5 ಡಿಗ್ರಿ ಮೇಲೆ ಹೋದರೂ ಅಲಾರಂ ಕಾಯದೆ ವೇಗ ಇಳಿಸಿ.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಒಮ್ಮೆ ನಾನು ಗೆಳೆಯರ ಜತೆ ಹೀಗೇ ಬಾಡಿಗೆ ದೋಣಿಯಲ್ಲಿ ಹೊರಟಿದ್ದೆ. ಒಪ್ಪಿಸಿದವರು ಎಲ್ಲ ಸರಿ ಇದೆ ಎಂದರು. ಸಂಜೆಯಾಗಿತ್ತು, ನಾನೂ ಅವಸರ ಮಾಡಿದೆ. ಎರಡನೇ ದಿನ ಬಲಗಡೆ ಎಂಜಿನ್ ಸದ್ದು ಬದಲಾಯಿತು. ಹಿಂದೆ ಬಗ್ಗಿ ನೋಡಿದರೆ ಎಡಗಡೆ ನೀರು ಬೀಳ್ತಿದೆ, ಬಲಗಡೆ ಬರೀ ಬಿಳಿ ಹಬೆ. ತಕ್ಷಣ ಆ ಎಂಜಿನ್ ನಿಲ್ಲಿಸಿದೆ. ಕೆಳಗಿಳಿದು ಸ್ಟ್ರೇನರ್ ತೆಗೆಯಬೇಕು. ಅದಕ್ಕೆ ಮೊದಲು ಸೀಕಾಕ್ ಮುಚ್ಚಬೇಕು, ಇಲ್ಲದಿದ್ದರೆ ಸಮುದ್ರ ಒಳಗೆ ಬರುತ್ತದೆ. ಸೀಕಾಕ್ ಹಿಡಿ ಕೈಗೆ ಅಲ್ಲಾಡಲೇ ಇಲ್ಲ. ಉಪ್ಪು ಹಿಡಿದು ಎಷ್ಟು ಕಾಲದಿಂದ ಹಾಗೆ ಕಚ್ಚಿಕೊಂಡಿತ್ತೋ. ಜೋರು ಮಾಡಿದರೆ ಮುರಿದೀತು ಎಂಬ ಭಯ. ಒಂದೇ ಎಂಜಿನ್‌ನಲ್ಲಿ ಕುಂಟುತ್ತಾ ನಾಲ್ಕು ಗಂಟೆ ಕಾಲ ಬಂದರಿಗೆ ಬಂದೆವು. ಡೈವರ್ ಇಳಿದು ತಳದ ತೂತಿಗೆ ಅಂಟಿದ್ದ ಪ್ಲಾಸ್ಟಿಕ್ ಚೀಲ ಎಳೆದು ತೆಗೆದ. ಅಂಗೈ ಅಗಲದ ಚೀಲ, ಅಷ್ಟೇ. ಆ ದಿನದಿಂದ ದೋಣಿ ಹತ್ತಿದರೆ ನಾನು ಮೊದಲು ಮಾಡೋದು ಒಂದೇ. ಪ್ರತಿ ಸೀಕಾಕನ್ನೂ ನನ್ನ ಕೈಯಿಂದಲೇ ಮುಚ್ಚಿ, ತೆರೆದು ನೋಡುತ್ತೇನೆ.

ಹಾಗಾಗಿ ಶನಿವಾರ ದೋಣಿ ಒಪ್ಪಿಸುವ ಹೊತ್ತು ನಿಮ್ಮ ಇಡೀ ವಾರದ ಮುಖ್ಯ ಹೊತ್ತು. ಅಲ್ಲಿ ಬಾಡಿಗೆ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಮಧ್ಯಾಹ್ನದ ನಂತರ ದೋಣಿ ಕೈಗೆ ಬರುತ್ತದೆ. ಒಪ್ಪಿಸುವ ಹುಡುಗನಿಗೆ ಅವತ್ತು ಇನ್ನೂ ಹತ್ತು ದೋಣಿ ಇರುತ್ತವೆ. ಪಟಪಟ ಹೇಳಿ ಸಹಿ ಕೇಳುತ್ತಾನೆ. ನೀವು ಅವಸರ ಮಾಡಬೇಡಿ. ಮನೆಯವರನ್ನೆಲ್ಲ ಸಾಮಾನು ತರೋಕೆ ಅಂಗಡಿಗೆ ಕಳಿಸಿ, ನೀವು ಮತ್ತು ಮಗ ಇಬ್ಬರೇ ಇರಿ. ಅವನು ತೋರಿಸುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿ. "ತೋರಿಸಿ" ಅನ್ನಬೇಡಿ, "ನಾನು ಮಾಡ್ತೀನಿ, ನೀವು ನೋಡಿ" ಅನ್ನಿ. ಡಿಪ್‌ಸ್ಟಿಕ್ ನೀವೇ ಎಳೆಯಿರಿ. ಬಿಲ್ಜ್ ಪಂಪಿನ ಫ್ಲೋಟನ್ನು ಕೈಯಿಂದ ಎತ್ತಿ ಪಂಪ್ ಓಡುತ್ತದಾ ಕೇಳಿ. ಬಿಲ್ಜ್ ಅಂದರೆ ದೋಣಿಯ ತಳದ ಗುಂಡಿ, ಸೋರಿದ್ದೆಲ್ಲ ಬಂದು ಸೇರುವ ಜಾಗ. ದಿನಾ ಬೆಳಗ್ಗೆ ಅಲ್ಲಿ ಟಾರ್ಚ್ ಹಾಕಿ. ಅಲ್ಲಿ ನೀರು ಕಂಡರೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ. ಉಪ್ಪಾದರೆ ಸಮುದ್ರ ಒಳಗೆ ಬರ್ತಿದೆ, ಸಪ್ಪೆಯಾದರೆ ನಿಮ್ಮ ಟ್ಯಾಂಕ್ ಸೋರುತ್ತಿದೆ. ಎಣ್ಣೆ ತೇಲುತ್ತಿದ್ದರೆ ರುಚಿ ನೋಡಬೇಡಿ, ಎಂಜಿನ್ ಕೆಳಗೆ ನೋಡಿ.

ಡೀಸೆಲ್ ಫಿಲ್ಟರ್ ಬಗ್ಗೆ ನಿಮಗೆ ಹೇಳೋದು ಏನೂ ಇಲ್ಲ. ತಳದ ಗಾಜಿನ ಬಟ್ಟಲಲ್ಲಿ ನೀರು ಕಂಡರೆ ತಿರುಪು ಸಡಿಲಿಸಿ ಇಳಿಸಬೇಕು, ಏರ್ ಲಾಕ್ ಆದರೆ ಗಾಳಿ ತೆಗೆಯಬೇಕು. ಹೊಗೆಯ ಬಣ್ಣದ ಪಾಠವೂ ಅದೇ. ಕಪ್ಪು ಅಂದರೆ ಲೋಡ್ ಜಾಸ್ತಿ ಅಥವಾ ಗಾಳಿ ಸಾಲದು, ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಗೆ ದೋಣಿಯಲ್ಲಿ ಇನ್ನೊಂದು ಕಾರಣ ಉಂಟು. ಪ್ರೊಪೆಲ್ಲರ್‌ಗೆ ಹಗ್ಗವೋ ಬಲೆಯೋ ಸುತ್ತಿಕೊಂಡಿರಬಹುದು.

ಈಗ ಕರೆಂಟು. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದೇ ಇರುತ್ತದೆ. ದೋಣಿಯಲ್ಲಿ ಅಂಥ ಬ್ಯಾಟರಿಗಳು ಎರಡು ಗುಂಪು. ಒಂದು ಎಂಜಿನ್ ಶುರು ಮಾಡೋಕೆ, ಇನ್ನೊಂದು ಮನೆ ಬಳಕೆಗೆ: ದೀಪ, ಫ್ರಿಜ್, ನೀರಿನ ಪಂಪ್, ಫೋನ್ ಚಾರ್ಜು. ಇವೆರಡೂ ಬೇರೆ ಬೇರೆ ಇರಬೇಕು. ರಾತ್ರಿಯೆಲ್ಲ ಫ್ರಿಜ್ ಓಡಿ ಮನೆ ಬ್ಯಾಟರಿ ಖಾಲಿಯಾದರೂ ಬೆಳಗ್ಗೆ ಎಂಜಿನ್ ಹೊತ್ತಿಕೊಳ್ಳಬೇಕಲ್ಲ. ಎರಡನ್ನೂ ಸೇರಿಸುವ ಸ್ವಿಚ್ ಒಂದಿರುತ್ತದೆ. ಅದು ತುರ್ತಿಗೆ ಮಾತ್ರ. ಸೇರಿಸಿ ಮರೆತು ಮಲಗಿದರೆ ಎರಡೂ ಹೋದವು. ಲೆಡ್ ಆಸಿಡ್ ಬ್ಯಾಟರಿ ಆದರೆ ಲೋಡ್ ಇಲ್ಲದಾಗ 12.6 ವೋಲ್ಟ್ ಆಚೀಚೆ ಇದ್ದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧ. ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಡಬ್ಬದ ಮೇಲೆ 400 ಆಂಪಿಯರ್ ಅವರ್ ಎಂದಿದ್ದರೆ ನಿಮಗೆ ಸಿಗೋದು 200 ಅಂತಲೇ ಲೆಕ್ಕ ಹಾಕಿ.

ಬಂದರಿನಲ್ಲಿ ದಡದ ಕರೆಂಟು ಸಿಗುತ್ತದೆ. ಅಲ್ಲೂ ನಮ್ಮ ಹಾಗೆ 230 ವೋಲ್ಟ್, 50 ಹರ್ಟ್ಸ್. ಸಾಮಾನ್ಯವಾಗಿ 16 ಆಂಪಿಯರ್ ಪ್ಲಗ್ಗು. ಅಂದರೆ ಹೆಚ್ಚೆಂದರೆ 3.6 ಕಿಲೋವ್ಯಾಟ್ ಚಿಲ್ಲರೆ. ಎಸಿ, ಗೀಸರ್, ಎಲೆಕ್ಟ್ರಿಕ್ ಕೆಟಲ್ ಮೂರನ್ನೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ಒಂದಾದ ಮೇಲೆ ಒಂದು. ಕೇಬಲ್ ಹಾಕುವಾಗ ಮೊದಲು ಎರಡೂ ಕಡೆ ಸ್ವಿಚ್ ಆಫ್. ಮೊದಲು ದೋಣಿ ಕಡೆ ಸಿಕ್ಕಿಸಿ, ಆಮೇಲೆ ದಡದ ಕಡೆ. ತೆಗೆಯುವಾಗ ಮೊದಲು ದಡದ ಕಡೆ. ಹೀಗೆ ಮಾಡಿದರೆ ಕರೆಂಟ್ ಇರುವ ಕೇಬಲ್ ಕೈ ಜಾರಿ ನೀರಿಗೆ ಬೀಳುವ ಮಾತೇ ಇಲ್ಲ. ಇದಕ್ಕೆ ಸೇರಿದ ಇನ್ನೊಂದು ಮಾತು ಮಕ್ಕಳಿಗೆ ಖಂಡಿತ ಹೇಳಿ: ಬಂದರಿನೊಳಗೆ ಈಜಬಾರದು. ಯಾವುದೋ ದೋಣಿಯಿಂದ ಕರೆಂಟ್ ನೀರಿಗೆ ಸೋರುತ್ತಿದ್ದರೆ ಕಣ್ಣಿಗೆ ಕಾಣಲ್ಲ.

ಜನರೇಟರ್ ಇದ್ದರೆ ಅದಕ್ಕೂ ಬೇರೆ ಸೀಕಾಕ್, ಬೇರೆ ಸ್ಟ್ರೇನರ್ ಇರುತ್ತದೆ. ಮರೆಯೋರು ಜಾಸ್ತಿ. ಶುರು ಮಾಡಿ ಒಂದೆರಡು ನಿಮಿಷ ಬಿಟ್ಟು ಲೋಡ್ ಕೊಡಿ. ನಿಲ್ಲಿಸುವ ಮುಂಚೆ ಲೋಡ್ ತೆಗೆದು ಮೂರು ನಿಮಿಷ ಸುಮ್ನೆ ಓಡಲು ಬಿಡಿ. ತೋಟದಲ್ಲಿ ಹೀಗೇ ಮಾಡ್ತೀರಿ. ಆದರೆ ಇಲ್ಲಿ ಹೊಗೆ ದೋಣಿಯ ಹಿಂದೆ, ಜನ ಈಜಲು ಇಳಿಯುವ ಮೆಟ್ಟಿಲ ಹತ್ತಿರವೇ ಬರಬಹುದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಯಾರಾದರೂ ನೀರಿಗೆ ಇಳಿಯುವ ಮುಂಚೆ ಎಂಜಿನ್ನೂ ಜನರೇಟರ್ರೂ ಎರಡೂ ನಿಂತಿರಬೇಕು. ಕೀಲಿ ನಿಮ್ಮ ಜೇಬಿನಲ್ಲಿರಲಿ.

ನೀರಿನ ವಿಷಯಕ್ಕೆ ನಮ್ಮ ದುರ್ಗದ ಕೋಟೆ ನೆನಪಾಗುತ್ತದೆ. ಹೊರಗೆ ಮುತ್ತಿಗೆ ಬಿದ್ದರೆ ಒಳಗಿನವರಿಗೆ ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡದಲ್ಲಿ ನಿಂತಿದ್ದಷ್ಟೇ ನೀರು. ದೋಣಿಯೂ ಹಾಗೆಯೇ. ಸುತ್ತ ಸಮುದ್ರ, ಕುಡಿಯೋಕೆ ಟ್ಯಾಂಕಿನಲ್ಲಿ ಇದ್ದಷ್ಟೇ. ಆ ಗಾತ್ರದ ದೋಣಿಯಲ್ಲಿ ಸುಮಾರು 400-500 ಲೀಟರ್. ಆರು ಜನ ದಿನಾ ಶವರ್ ಬಿಟ್ಟುಕೊಂಡು ನಿಂತರೆ ಎರಡು ದಿನಕ್ಕೆ ಮುಗಿಯುತ್ತದೆ. ಸಿಕ್ಕ ಬಂದರಿನಲ್ಲೆಲ್ಲ ತುಂಬಿಸಿ. ತುಂಬಿಸುವಾಗ ಮುಚ್ಚಳದ ಮೇಲೆ ಏನು ಬರೆದಿದೆ ಎಂದು ಜೋರಾಗಿ ಓದಿ ಹೇಳಿ, ಆಮೇಲೆ ಪೈಪ್ ಇಡಿ. ನೀರಿನ ಬಾಯಿ, ಡೀಸೆಲ್ ಬಾಯಿ ಎರಡೂ ನೋಡೋಕೆ ಒಂದೇ ಥರ ಇರುತ್ತವೆ. ಡೀಸೆಲ್ ಟ್ಯಾಂಕಿಗೆ ನೀರು ಬಿಟ್ಟರೆ ಆ ವಾರದ ಪ್ರವಾಸ ಅಲ್ಲಿಗೇ ನಿಂತಿತು.

ನಲ್ಲಿ ತಿರುಗಿಸಿದಾಗ ಸಣ್ಣ ಪಂಪೊಂದು ಗುರ್ ಎಂದು ಓಡುತ್ತದೆ, ನಲ್ಲಿ ಮುಚ್ಚಿದರೆ ಒತ್ತಡ ಕಟ್ಟಿ ತಾನೇ ನಿಲ್ಲುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳಿಸಿಕೊಳ್ಳಿ. ಯಾರೂ ನಲ್ಲಿ ಮುಟ್ಟದೆ ಹತ್ತು ನಿಮಿಷಕ್ಕೊಮ್ಮೆ ಗುರ್, ಗುರ್ ಎಂದರೆ ಎಲ್ಲೋ ಸೋರುತ್ತಿದೆ. ನಿಲ್ಲದೆ ಓಡುತ್ತಲೇ ಇದ್ದರೆ ಟ್ಯಾಂಕ್ ಖಾಲಿ. ಎದ್ದು ಪ್ಯಾನೆಲ್‌ನಲ್ಲಿ ಪಂಪಿನ ಸ್ವಿಚ್ ಆಫ್ ಮಾಡಿ. ದೋಣಿ ಬಿಟ್ಟು ಊರು ನೋಡಲು ಹೋಗುವಾಗಲೂ ಅದು ಆಫ್ ಇರಲಿ.

ಟಾಯ್ಲೆಟ್‌ಗೆ ಒಂದೇ ನಿಯಮ. ನೀವು ತಿಂದು ಜೀರ್ಣವಾದದ್ದು ಬಿಟ್ಟು ಬೇರೇನೂ ಒಳಗೆ ಹೋಗಬಾರದು, ಪೇಪರ್ ಕೂಡ ಬೇರೆ ಡಬ್ಬಿಗೆ. ಒಳಗಿನ ವಾಲ್ವ್ ರಬ್ಬರಿನದು, ಒಂದು ಕೂದಲುಂಡೆ ಸಿಕ್ಕರೂ ಕಟ್ಟಿಕೊಳ್ಳುತ್ತದೆ, ಬಿಡಿಸುವವರು ನೀವೇ. ಹೊಲಸು ನೀರಿನ ಟ್ಯಾಂಕ್ ಎಲ್ಲಿ ಖಾಲಿ ಮಾಡಬಹುದು ಎಂಬುದನ್ನು ದೋಣಿ ಒಪ್ಪಿಸುವವರಿಂದ ಬರೆಸಿಕೊಳ್ಳಿ. ಬಂದರಿನಲ್ಲಿ, ಜನ ಈಜುವ ಕೊಲ್ಲಿಯಲ್ಲಿ ಬಿಡೋದು ಬೇಡವೇ ಬೇಡ.

ಇನ್ನು ದೋಸೆ. ಹಾಕಬಹುದು. ಆದರೆ ಒಂದು ಮಾತು ಮನೆಯವರಿಗೆ ಓದಿ ಹೇಳಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ನೆಲದ ಮೇಲೆ ಹರಡಿ ಬಾಗಿಲಿನಿಂದ ಹೊರಗೆ ಹೋಗಬಹುದು. ದೋಣಿ ಅಂದರೆ ಕೊಳಗ ಇದ್ದ ಹಾಗೆ. ಸೋರಿದ ಗ್ಯಾಸ್ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಅಲ್ಲೇ ಪಂಪು, ಅಲ್ಲೇ ಬ್ಯಾಟರಿ. ಒಂದು ಕಿಡಿ ಸಾಕು. ಅದಕ್ಕೇ ದೋಣಿಯಲ್ಲಿ ಒಲೆ ಆರಿಸುವ ಕ್ರಮ ಉಲ್ಟಾ. ಮೊದಲು ಸಿಲಿಂಡರ್ ಹತ್ತಿರ ಮುಚ್ಚಿ, ಪೈಪಿನಲ್ಲಿ ಉಳಿದದ್ದು ಉರಿದು ತಾನೇ ಆರಲಿ, ಆಮೇಲೆ ಒಲೆಯ ಗುಬುಟು ತಿರುಗಿಸಿ. ಕಿಟಕಿ ತೆರೆದಿರಲಿ. ದೋಣಿ ಲಂಗರು ಹಾಕಿ ನಿಂತಾಗ ಮಾತ್ರ ಹಂಚು ಇಡಿ, ಓಡುವಾಗ ಬೇಡ. ಕೆಲವು ಮೋಟಾರ್ ಯಾಚ್‌ಗಳಲ್ಲಿ ಗ್ಯಾಸ್ ಇರಲ್ಲ, ಕರೆಂಟ್ ಒಲೆಯೇ ಇರುತ್ತದೆ. ಹಾಗಿದ್ದರೆ ಹಿಟ್ಟು ರುಬ್ಬುವ ಮೊದಲೇ ಜನರೇಟರ್ ಲೆಕ್ಕ ಹಾಕಿಕೊಳ್ಳಿ.

ಬೆಂಕಿಯ ವಿಷಯ ಬಂದಿದ್ದಕ್ಕೆ ಇದನ್ನೂ ಸೇರಿಸುತ್ತೇನೆ. ಎಂಜಿನ್ ರೂಮಿನಿಂದ ಹೊಗೆ ಬಂದರೆ ಮುಚ್ಚಳ ತೆಗೆದು ಇಣುಕುವ ಆಸೆ ಬರುತ್ತದೆ. ತೆಗೆಯಬೇಡಿ. ಗಾಳಿ ಒಳಗೆ ಹೋದ ಕೂಡಲೇ ಉರಿ ಏಳುತ್ತದೆ. ಎಂಜಿನ್, ಬ್ಲೋವರ್ (ಎಂಜಿನ್ ರೂಮಿನ ಗಾಳಿ ಫ್ಯಾನ್) ಎರಡೂ ಆಫ್, ಹೊರಗಿರುವ ಬೆಂಕಿ ಆರಿಸುವ ಹಿಡಿ ಎಳೆಯಿರಿ, ಎಲ್ಲರಿಗೂ ಲೈಫ್ ಜಾಕೆಟ್. ಆ ಹಿಡಿ ಎಲ್ಲಿದೆ ಎಂದು ಶನಿವಾರವೇ ಕೇಳಿ ಆರೂ ಜನರಿಗೂ ತೋರಿಸಿ. ಮಗನ ರೇಡಿಯೋದಲ್ಲಿ ತುರ್ತಿಗೆ ಚಾನೆಲ್ 16. ಫೋನಿನಿಂದಾದರೆ ಕ್ರೊಯೇಷಿಯಾದಲ್ಲಿ ಸಮುದ್ರ ರಕ್ಷಣೆಗೆ 195.

ಡೀಸೆಲ್ ಖರ್ಚು ನೀವು ಕೇಳಿಲ್ಲ, ಆದರೆ ಜೇಬಿಗೆ ಬೀಳುವ ದೊಡ್ಡ ಪೆಟ್ಟು ಅದೇ. ದೋಣಿ ನಿಧಾನ ಹೋಗುವಾಗ ನೀರನ್ನು ಸೀಳಿಕೊಂಡು ಹೋಗುತ್ತದೆ. ಒಂದು ವೇಗ ದಾಟಿದ ಮೇಲೆ ತನ್ನದೇ ಅಲೆ ಹತ್ತಲು ಒದ್ದಾಡುತ್ತದೆ, ಆಮೇಲೆ ನೀರಿನ ಮೇಲೆ ಜಾರುತ್ತದೆ. ನಿಮ್ಮ ದೋಣಿಗೆ ಆ ಗಡಿ ಸುಮಾರು 8 ನಾಟ್. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿಲೋಮೀಟರ್. 7 ನಾಟ್‌ನಲ್ಲಿ ಎರಡೂ ಎಂಜಿನ್ ಸೇರಿ ಗಂಟೆಗೆ 15-20 ಲೀಟರ್ ಆದೀತು. 22 ನಾಟ್‌ನಲ್ಲಿ 100 ಲೀಟರ್ ದಾಟುತ್ತದೆ. ಸ್ಪ್ಲಿಟ್‌ನಿಂದ ಹ್ವಾರ್ ದ್ವೀಪದ ಹ್ವಾರ್ ಊರಿಗೆ ಸುಮಾರು 25 ನಾಟಿಕಲ್ ಮೈಲಿ. ನಿಧಾನ ಹೋದರೆ ಮೂರೂವರೆ ಗಂಟೆ, 60 ಲೀಟರ್ ಆಸುಪಾಸು. ಜೋರು ಹೋದರೆ ಒಂದು ಗಂಟೆ ಚಿಲ್ಲರೆ, ಆದರೆ ಅದರ ಎರಡರಷ್ಟು ಡೀಸೆಲ್. ನನ್ನನ್ನು ಕೇಳಿದರೆ ನಿಧಾನವೇ ಚೆಂದ. ಮಾತಾಡಲು ಆಗುತ್ತದೆ, ಎಂಜಿನ್ ಸದ್ದೂ ಕಿವಿಗೆ ಬೀಳುತ್ತದೆ.

ಚುಕ್ಕಾಣಿ ಮಗನದಾದರೂ ಗಾಳಿ ನಿಮಗೂ ಗೊತ್ತಿರಲಿ. ಅಲ್ಲಿ ಬೇಸಿಗೆ ಮಧ್ಯಾಹ್ನ ವಾಯುವ್ಯದಿಂದ ಮಾಯೆಸ್ತ್ರಾಲ್ ಬೀಸುತ್ತದೆ, ಸಂಜೆಗೆ ಇಳಿಯುತ್ತದೆ. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಸೇರಿಬಿಡಿ. ಹೆದರಬೇಕಾದ್ದು ಬೂರಾಕ್ಕೆ. ಈಶಾನ್ಯದ ಬೆಟ್ಟಗಳಿಂದ ತಣ್ಣನೆ ಗಾಳಿ ಒಮ್ಮೆಲೇ ಜಾರಿ ಸಮುದ್ರದ ಮೇಲೆ ಬೀಳುತ್ತದೆ. ಮುನ್ಸೂಚನೆಯಲ್ಲಿ ಅದರ ಹೆಸರು ಕಂಡರೆ ಅವತ್ತು ಬಂದರಿನಲ್ಲೇ ಇರಿ. ಗಾಳಿ ಯಾವ ಕಡೆಯದು ಎಂದು ಗುರುತಿಸುವ ಅಭ್ಯಾಸ ಈಗಲೇ ಶುರು ಮಾಡಬಹುದು. ಹೆದ್ದಾರಿಯಲ್ಲಿ ದುರ್ಗ ದಾಟುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಯಾವ ಕಡೆ ಮುಖ ಮಾಡಿವೆ ನೋಡಿ. ಅದೇ ಗಾಳಿ ಬರುವ ದಿಕ್ಕು.

ದಡಕ್ಕೆ ಕಟ್ಟುವಾಗ ನಿಮ್ಮ ಕೆಲಸ ಹಗ್ಗ. ಅಲ್ಲಿ ದೋಣಿಯ ಹಿಂಭಾಗವನ್ನು ದಡಕ್ಕೆ ತಿರುಗಿಸಿ ಕಟ್ಟುತ್ತಾರೆ. ಮುಂಭಾಗಕ್ಕೆ ನೀರಿನ ತಳದಿಂದ ಬರುವ ಕೆಸರು ಹಗ್ಗವೊಂದನ್ನು ಎತ್ತಿ ಬಿಗಿಯಬೇಕು. ಆ ಹಗ್ಗ ಪ್ರೊಪೆಲ್ಲರ್ ಹತ್ತಿರ ಇರುವಾಗ ಗೇರ್ ನ್ಯೂಟ್ರಲ್‌ನಲ್ಲಿರಲಿ ಎಂದು ಮಗನಿಗೆ ಕೂಗಿ ಹೇಳಿ. ದೋಣಿ ಗೋಡೆಗೆ ತಾಗುತ್ತಿದೆ ಎಂದು ಕೈ ಕಾಲು ಅಡ್ಡ ಕೊಡಬೇಡಿ. ಹತ್ತು ಟನ್ ಆಚೀಚೆ ತೂಕ ಅದು. ರಬ್ಬರ್ ಫೆಂಡರ್ ಅಡ್ಡ ಇಡಿ, ಅಷ್ಟೇ. ಲಂಗರು ಎತ್ತುವ ಮೋಟಾರಿಗೆ ಕರೆಂಟ್ ತುಂಬಾ ಬೇಕು, ಹಾಗಾಗಿ ಎಂಜಿನ್ ಓಡುತ್ತಿರುವಾಗಲೇ ಬಳಸಿ. ದೋಣಿಯನ್ನು ಎಂಜಿನ್ನೇ ಮುಂದೆ ತಳ್ಳಬೇಕು, ಮೋಟಾರ್ ಬರೀ ಸಡಿಲವಾದ ಸರಪಳಿ ಎತ್ತಬೇಕು. ಲಂಗರು ಇಳಿಸುವಾಗ ನೀರಿನ ಆಳದ ನಾಲ್ಕೈದು ಪಟ್ಟು ಸರಪಳಿ ಬಿಡಿ. ತಿಳಿ ಬಣ್ಣದ ಮರಳು ಕಾಣುವಲ್ಲಿ ಇಳಿಸಿ. ಕಪ್ಪಗೆ ಕಾಣುವ ಸಮುದ್ರ ಹುಲ್ಲಿನ ಮೇಲೆ ಬೇಡ, ಅಲ್ಲಿ ಲಂಗರು ಕಚ್ಚಲ್ಲ, ಹುಲ್ಲೂ ಹಾಳಾಗುತ್ತದೆ.

ಜೂನ್‌ಗೆ ಮುಂಚೆ ಮನೆಯಲ್ಲೇ ಮಾಡಬಹುದಾದ್ದು ಎರಡು. ಗೇಟಿಗೆ ಹಗ್ಗ ಕಟ್ಟಿ ಬೋಲೈನ್ ಗಂಟು (ಎಳೆದರೂ ಬಿಗಿಯದ ಕುಣಿಕೆ) ಕಲಿಯಿರಿ, ಕಣ್ಣು ಮುಚ್ಚಿ ಹಾಕುವಷ್ಟು. ಮತ್ತೆ ಒಂದು ಸಂಜೆ ತೋಟದ ಜನರೇಟರ್ ಪಕ್ಕ ಕೂತು ಸದ್ದು ಕೇಳಿ. ಲೋಡ್ ಕೊಟ್ಟಾಗ, ತೆಗೆದಾಗ, ಬಿಸಿಯಾದ ಮೇಲೆ ಹೇಗೆ ಬದಲಾಗುತ್ತದೆ ಎಂದು ಗಮನಿಸಿ. ಬ್ಯಾಗಿಗೆ ತಲೆಗೆ ಕಟ್ಟುವ ಟಾರ್ಚ್, ಗ್ಲೌಸು, ಇನ್ಸುಲೇಷನ್ ಟೇಪು, ವಾಂತಿ ಮಾತ್ರೆ. ಬಿಡಿ ಇಂಪೆಲ್ಲರ್ ದೋಣಿಯಲ್ಲೇ ಇರಬೇಕು, ಶನಿವಾರ ಕೇಳಿ ಕಣ್ಣಾರೆ ನೋಡಿ.

ವಾಪಸ್ ಕೊಡುವಾಗ ಡೀಸೆಲ್ ಪೂರ್ತಿ ತುಂಬಿಸಿ ಕೊಡಬೇಕು. ಹೆಚ್ಚಿನ ದೋಣಿಗಳು ಶುಕ್ರವಾರ ಸಂಜೆಯೇ ಮರಳಿ ಬರುತ್ತವೆ, ಬಂಕಿನ ಮುಂದೆ ಉದ್ದ ಸಾಲು. ಗಾಳಿಯಲ್ಲಿ ಹತ್ತು ಟನ್ ದೋಣಿಯನ್ನು ಒಂದು ಜಾಗದಲ್ಲಿ ಹಿಡಿದು ನಿಲ್ಲಿಸೋದು ಹೊಸಬರಿಗೆ ಕಷ್ಟ. ಮಧ್ಯಾಹ್ನಕ್ಕೇ ಬಂದು ತುಂಬಿಸಿಕೊಂಡು ರಸೀದಿ ಇಟ್ಟುಕೊಳ್ಳಿ.